ಗುಡ್ಡದ ಪುಸ್ತಕದಲ್ಲಿ ಎರಡು ಹೆಸರು

ರಾಗ್ನಾ ಕರೆಗಂಟೆ ಒತ್ತುವವಳಲ್ಲ. ಹಿಮದಲ್ಲಿ ಊರಿಕೊಂಡು ನಡೆಯುವ ಕೋಲಿನಿಂದ ನನ್ನ ಅಡುಗೆಮನೆಯ ಕಿಟಕಿಗೆ ಮೂರು ಪೆಟ್ಟು ಹಾಕುತ್ತಾಳೆ. ಒಳಗಿರುವವರು ಊಟ ಮಾಡುತ್ತಿರಲಿ, ಜ್ವರದಲ್ಲಿ ನರಳುತ್ತಿರಲಿ, ನಾಲ್ಕನೆಯ ಪೆಟ್ಟು ಬೀಳುವುದರೊಳಗೆ ಬೂಟು ಹಾಕಿಕೊಂಡು ಹೊರಗೆ ನಿಂತಿರಬೇಕೆಂಬುದು ಅವಳ ಅಚಲ ಸಿದ್ಧಾಂತ. ಇಪ್ಪತ್ತಾರು ವರ್ಷದಿಂದ ನಾನು ಅವಳ ನೆರೆಮನೆಯವಳು. ನನ್ನ ಕಿಟಕಿಯ ಚೌಕಟ್ಟಿನ ಒಂದು ಮೂಲೆಯಲ್ಲಿ ಬಣ್ಣವೇ ಉಳಿದಿಲ್ಲ.

ರಾಗ್ನಾಳ ವಯಸ್ಸು ಅರವತ್ತೆಂಟು. ಊರಿನ ಶಾಲೆಯಲ್ಲಿ ವ್ಯಾಯಾಮದ ಟೀಚರಾಗಿದ್ದವಳು. ಸಣ್ಣ ದೇಹ, ಮಾರುದ್ದದ ಹೆಜ್ಜೆ. ಮೈಮೇಲೆ ಸದಾ ತಂದೆ ಮೀನುದೋಣಿಯಲ್ಲಿ ತೊಡುತ್ತಿದ್ದ ತೇಪೆಗಳ ಕೋಟು. ನಾರ್ವೆಯ ಉತ್ತರದ ನಮ್ಮ ದ್ವೀಪದಲ್ಲಿ ನವೆಂಬರ್ ಕೊನೆಗೆ ಹೋದ ಸೂರ್ಯ ಜನವರಿ ಅರ್ಧ ಕಳೆಯುವವರೆಗೆ ಮುಖ ತೋರಿಸುವುದಿಲ್ಲ. ನಡುಹಗಲಿನಲ್ಲಿ ಎರಡು ಗಂಟೆ ಒಂದು ನೀಲಿ ಮಂದಪ್ರಕಾಶ, ಅಷ್ಟೇ. ಆ ಎರಡು ಗಂಟೆಯನ್ನು ಮನೆಯೊಳಗೆ ಕಳೆಯುವುದು ರಾಗ್ನಾಳ ಧರ್ಮಶಾಸ್ತ್ರದಲ್ಲಿ ಮಹಾಪಾಪ. ಮಂಡಿನೋವು, ನಿದ್ರಾಹೀನತೆ, ವೈಧವ್ಯ, ಎಲ್ಲಕ್ಕೂ ಅವಳ ಬಳಿ ಒಂದೇ ಔಷಧ. ನನ್ನ ಗಂಡ ತೀರಿಕೊಂಡ ವಾರ ಬಂದು, "ಅಳೋದಾದ್ರೆ ಹೊರಗೆ ಬಂದು ಅಳು, ಗಾಳಿನಾದ್ರೂ ಸಿಗುತ್ತೆ" ಎಂದಳು. ಕೋಲು ಕಿತ್ತುಕೊಂಡು ಅವಳಿಗೇ ಎರಡು ಬಾರಿಸೋಣ ಎನ್ನಿಸಿತ್ತು. ಅವಳ ಹಿಂದೆ ಊರ ಗುಡ್ಡ ಹತ್ತಿದ್ದೂ ನಿಜ, ಎಷ್ಟೋ ದಿನದ ಮೇಲೆ ಅಂದು ನಿದ್ದೆ ಬಂದದ್ದೂ ನಿಜ. ಆದರೆ ಅದನ್ನು ಇಂದಿಗೂ ಅವಳಿಗೆ ಹೇಳಿಲ್ಲ.

ಆ ಗುಡ್ಡದ ತುದಿಯಲ್ಲಿ ಒಂದು ಮರದ ಪೆಟ್ಟಿಗೆ, ಅದರೊಳಗೆ ಒಂದು ನೋಟ್‌ಬುಕ್ಕು, ಒಂದು ಪೆನ್ಸಿಲ್. ಹತ್ತಿದವರು ತಾರೀಖು, ಹೆಸರು ಬರೆಯಬೇಕು. ಅತಿ ಹೆಚ್ಚು ಸಲ ಹತ್ತಿದವರಿಗೆ ವಸಂತದಲ್ಲೊಂದು ಕಾಫಿ ಲೋಟ ಬಹುಮಾನ. ಲೋಟ ಬರೀ ನೆಪ; ಊರಿನ ಕ್ಷೇಮಸಮಾಚಾರವೆಲ್ಲ ಆ ಪುಸ್ತಕದಲ್ಲಿದೆ. ವಾರಗಟ್ಟಲೆ ಒಬ್ಬರ ಹೆಸರು ಕಾಣದಿದ್ದರೆ ಯಾರಾದರೂ ಕೇಕು ಹಿಡಿದು ಅವರ ಮನೆಗೆ ಹೋಗುತ್ತಾರೆ. ಬರದವರ ಹೆಸರು ಬರೆಯುವುದು ಘೋರ ಅಪರಾಧ, ರಾಗ್ನಾಳೇ ಅದರ ಕಾವಲುಗಾರ್ತಿ. ಒಮ್ಮೆ ಅರ್ಧದಾರಿಯಲ್ಲಿ ಸುಸ್ತಾಗಿ ಇಳಿದ ಪಾದ್ರಿಯ ಹೆಸರನ್ನು ಸ್ನೇಹಿತರು ಬರೆದದ್ದಕ್ಕೆ, ಫೋನ್ ಮಾಡಿ, "ಪಾದ್ರಿಗಳೇ, ನಿಮ್ಮ ಹೆಸರು ಮೇಲೆ ಬಂದಿತ್ತು, ನೀವು ಬಂದಿರ್ಲಿಲ್ಲ" ಎಂದು, ಮಾರನೆಯ ದಿನ ಅವರನ್ನು ಮತ್ತೆ ಹತ್ತಿಸಿದ ಮಹಾತಾಯಿ.

ಈ ಚಳಿಗಾಲ ಆರು ವಾರ ನನ್ನ ಕಿಟಕಿಗೆ ಪೆಟ್ಟು ಬೀಳಲಿಲ್ಲ. ಪೀಡೆ ತೊಲಗಿತೆಂದು ಖುಷಿಪಟ್ಟೆನೇ ಹೊರತು ಯಾಕೆಂದು ಕೇಳಲಿಲ್ಲ. ಅವಳ ಗಂಡ ಒಡ್ವಾರ್, ನಲವತ್ತು ವರ್ಷ ಫೆರಿ ದೋಣಿಯ ಎಂಜಿನ್ ನೋಡಿಕೊಂಡವನು, ಶರತ್ಕಾಲದಲ್ಲಿ ನಿವೃತ್ತನಾಗಿದ್ದ. ಅವನೂ ಕಾಣಲಿಲ್ಲ. ಪುಸ್ತಕದಲ್ಲಿ ದಿನವೂ ಅವನ ಹೆಸರಿದೆಯೆಂದು ಅಂಗಡಿಯಲ್ಲಿ ಕೇಳಿ ನಿಶ್ಚಿಂತಳಾಗಿದ್ದೆ. ಡಿಸೆಂಬರಿನ ಒಂದು ಮಧ್ಯಾಹ್ನ, ಯಾರೂ ಕರೆಯದೆ, ನಾನಾಗಿಯೇ ಗುಡ್ಡ ಹತ್ತಿದೆ. ರಾಗ್ನಾ ಪೆಟ್ಟಿಗೆಯ ಪಕ್ಕ ಕಾಫಿ ಕುಡಿಯುತ್ತಿದ್ದಳು. ಪುಸ್ತಕದಲ್ಲಿ ಅಂದಿನ ತಾರೀಖಿಗೆ ಒಂದೇ ಕೈಬರಹದ ಎರಡು ಹೆಸರು: ರಾಗ್ನಾ, ಒಡ್ವಾರ್.

"ಒಡ್ವಾರ್ ಎಲ್ಲೇ?"

"ಮುಂದೆ ಹೋದ."

"ಹಾರ್ಕೊಂಡು ಹೋದ್ನಾ? ಹಿಮದ ಮೇಲೆ ಒಂದೇ ಜೋಡಿ ಹೆಜ್ಜೆ ಇದೆ ಕಣೇ. ನಾನು ಹೊರಟಾಗ ಅವನು ಮಲಗೋ ಬಟ್ಟೇಲೇ ಕಿಟಕಿ ಹತ್ರ ನಿಂತಿದ್ದ."

ಅವಳು ಫ್ಲಾಸ್ಕಿನ ಮುಚ್ಚಳ ತಿರುಗಿಸಿದಳು, ಬಿಚ್ಚಿದಳು, ಮತ್ತೆ ತಿರುಗಿಸಿದಳು. "ಆರು ವಾರ ಆಯ್ತು. ಏಳಲ್ಲ, ಮಾತಾಡಲ್ಲ. ಬೈದೆ, ಕಂಬಳಿ ಕಿತ್ತೆಸೆದೆ. ಎಷ್ಟು ಜನರನ್ನ ಎಬ್ಬಿಸ್ದೋಳು ನಾನು! ಗಂಡನ್ನ ಎಬ್ಬಿಸೋಕಾಗ್ಲಿಲ್ಲ ಅಂತ ಊರೆಲ್ಲ ಓದ್ಬೇಕಾ?"

ಮೈಯೆಲ್ಲ ಉರಿದುಹೋಯಿತು. ಗುಡ್ಡ ಇಳಿದು ನೇರ ಅವರ ಮನೆಗೇ ನಡೆದೆ. ಒಡ್ವಾರ್ ಗಡ್ಡ ಬೆಳೆಸಿಕೊಂಡು, ಎಷ್ಟೋ ಇಳಿದುಹೋಗಿ, ಆರಿದ ಕಾಫಿಯ ಮುಂದೆ ಕೂತಿದ್ದ.

"ನಿನ್ನೆ ಫೆರಿಯಿಂದ ನನ್ನ ಹಳೇ ಜೊತೆಗಾರ ತುರ್ಗೈರ್ ಫೋನ್ ಮಾಡಿದ್ದ" ಎಂದ. "ದಿನಾ ಗುಡ್ಡ ಹತ್ತುತ್ತೀಯಂತೆ, ಭೇಷ್ ಅಂದ. ಹ್ಞೂಂ ಅಂದೆ. ಇಲ್ಲ ಅಂದ್ರೆ ಇವಳು ಸುಳ್ಳಿ ಆಗ್ತಾಳಲ್ಲ. ನಂಗೆ ಹುಷಾರಿಲ್ಲ ಅಂತ ಯಾರ ಹತ್ರ ಹೇಳ್ಲಿ? ಊರಿಗೆಲ್ಲ ನಾನು ಹುಷಾರಾಗಿದೀನಿ."

ನನ್ನ ಹಿಂದೆಯೇ ಬಂದು ಬಾಗಿಲಲ್ಲಿ ನಿಂತಿದ್ದ ರಾಗ್ನಾ ಎಲ್ಲ ಕೇಳಿಸಿಕೊಂಡಿದ್ದಳು. ಬೂಟಿನ ಹಿಮ ಕರಗಿ ನೆಲವೆಲ್ಲ ನೀರು. ಏನೂ ಆಜ್ಞೆ ಮಾಡದೆ ನಿಂತ ರಾಗ್ನಾಳನ್ನು ನಾನು ನೋಡಿದ್ದು ಅದೇ ಮೊದಲು.

ಮಾರನೆಯ ದಿನ ಮತ್ತೆ ಗುಡ್ಡ ಹತ್ತಿ ಪುಸ್ತಕ ತೆರೆದಾಗ, ಆರು ವಾರದ ಅಷ್ಟೂ ಒಡ್ವಾರ್‌ಗಳ ಮೇಲೆ ಗೀಟು ಬಿದ್ದಿತ್ತು. ಕೆಳಗೆ ಟೀಚರಮ್ಮನ ದುಂಡು ಅಕ್ಷರ: "ಒಡ್ವಾರ್ ಬಂದಿಲ್ಲ. ಅವನಿಗೆ ಹುಷಾರಿಲ್ಲ. ನಾನು ಸುಳ್ಳು ಬರೆದಿದ್ದೆ. ರಾಗ್ನಾ."

ಡಾಕ್ಟರು ಬಂದರು, ಗುಳಿಗೆ ಕೊಟ್ಟರು. ತುರ್ಗೈರ್ ಕೇಕು ತಂದ. ಅದನ್ನು ಒಳಗೆ ಕೂತು ತಿನ್ನಲು ರಾಗ್ನಾ ಬಿಟ್ಟಾಳೆಯೇ? ಮನೆಯ ಗೋಡೆಯ ಮರೆಯಲ್ಲಿ, ಹಿಮದ ಮೇಲೆ ಹಿಮಸಾರಂಗದ ತೊಗಲು ಹಾಸಿ, ಮಲಗುವ ಬಟ್ಟೆಯ ಮೇಲೆ ಕೋಟು ಹೊದಿಸಿ ಒಡ್ವಾರನನ್ನು ನಡುವೆ ಕೂರಿಸಿದೆವು. ಅವನು ಕೂತದ್ದು ಹತ್ತು ನಿಮಿಷ. "ಬೆನ್ನು ನೆಟ್ಟಗಿಡು, ಮೂಗಿಂದ ಉಸಿರು ತಗೋ" ಎಂದು ಅವಳು ಶುರುಮಾಡಿದಾಗ, "ಸುಮ್ನಿರೇ, ಪೀಡೆ" ಎಂದ. ಎಷ್ಟೋ ವಾರದ ಮೇಲೆ ಗಂಡನಿಂದ ಸಿಕ್ಕ ಮೊದಲ ಬೈಗುಳ; ಅವಳು ತಟ್ಟನೆ ಮುಖ ತಿರುಗಿಸಿಕೊಂಡಳು.

ಇಂಥವರ ಜೊತೆ ಏಗುವುದು ಕಷ್ಟ. ಜಗತ್ತಿನ ದುಃಖವೆಲ್ಲ ಹೊರಗಿನ ಗಾಳಿಗೆ ಅರ್ಧ ಇಳಿಯುತ್ತದೆಂದು ಅವರು ಊರೆಲ್ಲ ಸಾರುತ್ತಾರೆ. ಸಿಟ್ಟು ಬರುವುದು ಯಾಕೆಂದರೆ, ಅರ್ಧ ಇಳಿಯುವುದು ನಿಜವೇ. ಉಳಿದರ್ಧಕ್ಕೆ ನಾಲ್ಕು ಜನರ ಮುಂದೆ ಬಾಯಿ ಬಿಡಬೇಕು, ನಮ್ಮ ಮನೆಯಲ್ಲಿ ಸರಿಯಿಲ್ಲ ಎನ್ನಬೇಕು. ಆ ಏರು ಹತ್ತುವುದನ್ನು ಅವರಿಗೆ ಯಾರೂ ಕಲಿಸಿರುವುದಿಲ್ಲ. ಎಂದಾದರೊಮ್ಮೆ ಅದನ್ನು ಹತ್ತಿ ಏದುಸಿರು ಬಿಡುತ್ತ ನಿಂತಾಗ, ಅವರು ನಮಗೆ ಹೇಳುವಂತೆ ನಾವು ಅವರಿಗೆ ಏನೂ ಹೇಳಬಾರದು. ಸುಮ್ಮನೆ ಪಕ್ಕದಲ್ಲಿ ನಿಂತಿರಬೇಕು.