ಏಳನೆಯ ಜಾಗ

ಉಪಗ್ರಹ ಮೊರಬ ಊರಿನ ಮೇಲೆ ಹಾಯುವ ದಿನ, ಅಂದರೆ ಹನ್ನೆರಡು ದಿನಕ್ಕೊಮ್ಮೆ, ಗುಡದಪ್ಪ ಬೆಳಿಗ್ಗೆ ಆರಕ್ಕೇ ಈರಪ್ಪನ ಎರೆಹೊಲದಲ್ಲಿರುತ್ತಿದ್ದ. ಹೆಸರುಕಾಳು ಬಿತ್ತಿದ ಹೊಲದಲ್ಲಿ ಗೊತ್ತುಮಾಡಿದ ಒಂಬತ್ತು ಜಾಗ. ಗೂಟ ನೆಟ್ಟರೆ ಸಾಲುಗಳ ನಡುವೆ ಎಡೆ ಹೊಡೆಯಲು ಅಡ್ಡಿ ಎಂದು ಜಾಗವನ್ನು ಫೋನೇ ತೋರಿಸುತ್ತಿತ್ತು. ತೇವ ಅಳೆಯುವ ಮೀಟರಿನ ಮುಳ್ಳುಗಳನ್ನು ಮಣ್ಣಿಗೆ ಚುಚ್ಚಿ, ಬಂದ ಅಂಕಿಯನ್ನು ಶೈಲಾಗೆ ಕಳಿಸುವುದು ಅವನ ಕೆಲಸ.

ಕುಂದಗೋಳದ ಶೈಲಾ ಧಾರವಾಡದಲ್ಲಿ ಸಂಶೋಧನೆ ಮಾಡುತ್ತಿದ್ದಳು. ಉಪಗ್ರಹ ಹೇಳುವ ತೇವಕ್ಕೂ ಹೊಲದಲ್ಲಿರುವ ತೇವಕ್ಕೂ ತಾಳೆಯಾಗುತ್ತದೆಯೇ ಎಂದು ನೋಡುತ್ತಿದ್ದಳು. ಆ ಸಲ ಉಪಗ್ರಹ ಇಡೀ ಹೊಲಕ್ಕೆ ಶೇಕಡಾ ಮೂವತ್ತೊಂದು ಎಂದಿತ್ತು. ಎಂಟು ಜಾಗದ ಅಂಕಿಗಳೂ ಅದರ ಆಸುಪಾಸಿನಲ್ಲೇ ಇದ್ದವು. ಏಳನೆಯದು ಮಾತ್ರ ಹದಿನಾಲ್ಕು. ಹಿಂದಿನ ಎರಡು ಸಲವೂ ಹೀಗೇ ಆಗಿತ್ತು.

ಏಳನೆಯ ಜಾಗ ಹೊಲದ ದೂರದ ಮೂಲೆಯಲ್ಲಿತ್ತು. ಅಲ್ಲಿಯವರೆಗೆ ಹೋಗಲು ಬೇಸರಪಟ್ಟು ಗುಡದಪ್ಪ ಬದುವಿನ ಮೇಲೆ ಕೂತೇ ಬರೆಯುತ್ತಾನೆ ಎಂದು ಶೈಲಾ ನಿರ್ಧರಿಸಿಬಿಟ್ಟಳು. ಫೋನಿನಲ್ಲಿ ಕೇಳಿದರೆ, ತಪ್ಪದೆ ಹೋಗುತ್ತೇನೆ ಎಂದ. ಅವಳು ನಂಬಲಿಲ್ಲ. ಬೇರೆ ಆಳನ್ನು ನೋಡೋಣ ಎಂದು ಮಾರ್ಗದರ್ಶಕರಿಗೆ ಹೇಳಿಯೂ ಆಗಿತ್ತು.

ಮುಂದಿನ ಸಲ ತಾನೇ ಬಂದಳು. ಹಿಂದಿನ ದಿನ ಜೋರು ಮಳೆಯಾಗಿ ಹೊಲ ಕಾಲಿಗೆ ಮೆತ್ತುತ್ತಿತ್ತು. ಈರಪ್ಪ ಬದುವಿನ ಬಾಜು ಟ್ರ್ಯಾಕ್ಟರ್ ನಿಲ್ಲಿಸಿ, ನಿಂತ ನೀರಿಗೆ ದಾರಿ ಮಾಡುತ್ತಿದ್ದ. ಆರು ಜಾಗ ಮುಗಿದವು. ಏಳನೆಯದರ ಹತ್ತಿರ ಗುಡದಪ್ಪ ನಿಂತುಬಿಟ್ಟ.

“ಇಲ್ಲಿ ನೆಲಾ ಒಂದ್ ನಮೂನಿ ಐತ್ರಿ, ಅಕ್ಕಾರ. ಕಾಲಿಟ್ರ ಸಪ್ಪಳ ಬ್ಯಾರೆ ಬರತೈತಿ.”

ಇದೂ ನೆಪವೇ ಅನಿಸಿತು ಅವಳಿಗೆ. ಫೋನು ಇನ್ನೂ ಮುಂದೆ ತೋರಿಸುತ್ತಿತ್ತು. “ಎರಡ್ ಹೆಜ್ಜಿ ಮುಂದ ಹೋಗ್ರಿ, ಕಾಕಾ,” ಎಂದಳು.

ಅವನು ಒಂದು ಹೆಜ್ಜೆ ಇಟ್ಟ. ಎರಡನೆಯದಕ್ಕೆ ಅವನು ಅಲ್ಲಿರಲಿಲ್ಲ.

ಬುಟ್ಟಿಯಗಲದ ಒಂದು ತೂತು, ಅದರ ಅಂಚಿನಲ್ಲಿ ಎರಡು ಮೊಣಕೈ, ನಡುವೆ ಅವನ ತಲೆ. ಶೈಲಾ ಈರಪ್ಪನನ್ನು ಕೂಗಿ, ಕೆಸರಿನಲ್ಲಿ ಬೋರಲು ಮಲಗಿ ಅವನ ಮುಂಗೈ ಹಿಡಿದಳು. ಅವಳೆದೆಯ ಕೆಳಗಿನ ಮಣ್ಣೂ ಉದುರತೊಡಗಿತು. ಕೆಳಗೆ ಬಿದ್ದ ಹೆಂಟೆಗಳ ಸದ್ದು ತಡವಾಗಿ ಕೇಳಿತು.

ಈರಪ್ಪ ಟ್ರ್ಯಾಕ್ಟರಿನ ಹಗ್ಗ ತಂದು, ಗುಡದಪ್ಪನ ಕಂಕುಳಿಗೆ ಸುತ್ತಿ ಎಳೆದ. ಮೇಲೆ ಬರುವಾಗ ಅವನ ಬಲಭುಜದ ಕೀಲು ಜಾರಿತ್ತು. ಈರಪ್ಪ ಒಂದು ಚಿಂದಿಗೆ ಡೀಸೆಲ್ ಸುರಿದು, ಬೆಂಕಿ ಹಚ್ಚಿ, ತಂತಿ ಕಟ್ಟಿ ಒಳಗೆ ಬಿಟ್ಟ. ಎರಡಾಳು ಆಳಕ್ಕೆ ಇಳಿಯುವಷ್ಟರಲ್ಲಿ ಅದು ಆರಿಹೋಯಿತು.

“ಹಗೇವು,” ಎಂದ. “ಹಳೀ ಊರು ಇಲ್ಲೇ ಇತ್ತಂತ. ನೆಲದಾಗ ತೋಡಿ ಜ್ವಾಳಾ ತುಂಬಿಡ್ತಿದ್ರು. ಒಳಗ ಗಾಳಿ ಕೆಟ್ಟೈತಿ. ಪೂರಾ ಬಿದ್ದಿದ್ರ ಉಸಿರು ಸಿಗತಿರಲಿಲ್ಲ.”

ಈರಪ್ಪ ಹದಿನಾರು ವರ್ಷ ಅದರ ಮೇಲೆ ಟ್ರ್ಯಾಕ್ಟರ್ ಓಡಿಸಿದ್ದ. ಹೋದ ವಾರ ಕಳೆ ತೆಗೆಯುವ ಹೆಂಗಸರು ಅಲ್ಲೇ ಬುತ್ತಿ ಬಿಚ್ಚಿದ್ದರು, ಅವರ ಜೊತೆ ಅವನ ಸೊಸೆಯೂ ಇದ್ದಳು. ಒಬ್ಬೊಬ್ಬರ ಹೆಸರನ್ನೂ ಹೇಳುತ್ತ ಹೋದ.

ನೆಲದಡಿ ಟೊಳ್ಳಿದ್ದುದರಿಂದ ಆ ಜಾಗದ ನೀರು ಬಸಿದುಹೋಗುತ್ತಿತ್ತು. ಹದಿನಾಲ್ಕು ನಿಜವಾದ ಅಂಕಿಯೇ ಆಗಿತ್ತು.

ನವಲಗುಂದದ ಆಸ್ಪತ್ರೆಯಲ್ಲಿ ಗುಡದಪ್ಪನ ಭುಜ ಕೂರಿಸಿ ಕಟ್ಟಿದರು. ನೀವು ಸುಳ್ಳು ಅಂಕಿ ಕಳಿಸುತ್ತೀರಿ ಎಂದುಕೊಂಡಿದ್ದೆ ಎಂದು ಶೈಲಾ ಅವನಿಗೆ ಹೇಳಿಬಿಟ್ಟಳು.

“ಗೊತ್ತಿತ್ರಿ,” ಎಂದ ಗುಡದಪ್ಪ.

“ಮತ್ತ ಯಾಕ ಮುಂದ ಹೋದ್ರಿ?”

“ನೀವು ನಂಬಲಿ ಅಂತ.”



ಪ್ರಬಂಧದಲ್ಲಿ ಏಳನೆಯ ಜಾಗವನ್ನು ಕೈಬಿಟ್ಟು ಎಂಟನ್ನೇ ತೋರಿಸಿದರೆ ಸಾಕು ಎಂದರು ಮಾರ್ಗದರ್ಶಕರು. ಶೈಲಾ ಒಂಬತ್ತನ್ನೂ ಇಟ್ಟಳು. ಹಗೇವಿನ ವಿಷಯ ಬರೆದಳು, ಅಳೆದವನ ಹೆಸರು ಬರೆದಳು, ಅವನು ಎಚ್ಚರಿಸಿದರೂ ಮುಂದೆ ಹೋಗಲು ತಾನೇ ಹೇಳಿದೆ ಎಂದೂ ಬರೆದಳು. ಆ ಕೊನೆಯ ಸಾಲನ್ನು ಅವರು ಹೊಡೆದುಹಾಕಿದರು. ಅವಳು ಅದನ್ನು ಮತ್ತೆ ಬರೆದು ಕೊಟ್ಟಳು.