ವಸಂತಮ್ಮನ ಅನುಮೋದನೆ

ಬಿಂದುಮಾಧವ ನನ್ನ ಮನೆ ಬಾಗಿಲಲ್ಲಿ ಕೈ ಮುಗಿದು ನಿಂತಾಗ ನಾನು ಆ ಕೈಗಳನ್ನೇ ನೋಡಿದೆ. ಏಳು ವರ್ಷದ ಹಿಂದೆ ಅದೇ ಕೈ ಗೇಟಿನ ಚಿಲಕ ಹಾಕಿ ನನ್ನನ್ನು ಬೀದಿಯಲ್ಲಿ ನಿಲ್ಲಿಸಿತ್ತು. ಅವನಿಗೆ ನನ್ನ ಗುರುತು ಸಿಗಲಿಲ್ಲ. ಸಿಗುವುದೆಲ್ಲಿಂದ, ಅವತ್ತು ನನ್ನ ಮುಖ ನೋಡಿದ್ದರೆ ತಾನೆ!

"ವಸಂತಮ್ಮನವರೇ, ನಿಮ್ಮ ಮಹಿಳಾ ಸಂಘದ ಬಗ್ಗೆ ತುಂಬಾ ಕೇಳಿದ್ದೀನಿ. ಭಾನುವಾರ ನಮ್ಮ ಕಲ್ಯಾಣ ಮಂಟಪದಲ್ಲಿ ಪರಿಸರ ಮತ್ತು ಸಾಮಾಜಿಕ ನ್ಯಾಯದ ಸಮಾವೇಶ ಇದೆ. ತಾವು ವೇದಿಕೆ ಮೇಲಿರಬೇಕು. ಸನ್ಮಾನಾನೂ ಇಟ್ಕೊಂಡಿದ್ದೀವಿ," ಎಂದ.

ಸನ್ಮಾನವಂತೆ, ಇವನ ಮನೆ ಹಾಳಾಗ! ನಾನು ಚಾಪೆ ಹಾಸಿದೆ.

ನಮ್ಮ ಬೀದಿ ಇರುವುದು ಶ್ರೀರಾಂಪುರದ ಅಂಚಿನಲ್ಲಿ, ಬಡಾವಣೆಗಳು ಮುಗಿದು ಹಳ್ಳ ಶುರುವಾಗುವ ಕಡೆ. ತೊಂಬತ್ತಾರರಲ್ಲಿ ನಮಗಿನ್ನೂ ನಲ್ಲಿ ಬಂದಿರಲಿಲ್ಲ. ಬೀದಿಗೆಲ್ಲ ಒಂದೇ ಬಾವಿ. ಬಿಂದುಮಾಧವನ ಮಂಟಪದಲ್ಲಿ ಮದುವೆ ಆಯಿತೆಂದರೆ ಮಾರನೇ ದಿನ ಟ್ರ್ಯಾಕ್ಟರ್ ಬಂದು ಎಂಜಲೆಲೆ, ಹಳಸಿದ ಅನ್ನ, ಸಾರಿನ ಗಸಿ ಎಲ್ಲವನ್ನೂ ಬಾವಿ ಪಕ್ಕದ ಹಳ್ಳಕ್ಕೆ ಸುರಿದು ಹೋಗುತ್ತಿತ್ತು. ತಿಂದವರು ಅಲ್ಲಿ, ನಾತ ಕುಡಿಯುವವರು ಇಲ್ಲಿ. ಮಳೆ ಹಿಡಿದಾಗ ಆ ಕೊಳೆಯೆಲ್ಲ ಬಾವಿಗೆ ಇಳಿಯಿತು. ಮನೆಮನೆಯಲ್ಲೂ ಕಾಮಾಲೆ. ಉಳಿದವರ ಮಕ್ಕಳು ಹೇಗೋ ಎದ್ದು ಓಡಾಡಿದವು. ನನ್ನ ಪವಿತ್ರ ಏಳಲಿಲ್ಲ. ಆಗ ಎರಡನೇ ಕ್ಲಾಸಿನಲ್ಲಿದ್ದಳು.

ಮಗಳ ತಿಥಿ ಮುಗಿಸಿಕೊಂಡು ಕೃಷ್ಣಮೂರ್ತಿಪುರಂನಲ್ಲಿರುವ ಅವನ ಮನೆಗೆ ಹೋದೆ. ಟ್ರ್ಯಾಕ್ಟರ್ ಕಳಿಸಬೇಡಿ ಸ್ವಾಮಿ, ನನ್ನ ಮಗು ಹೋಯಿತು ಎಂದು ಗೇಟಿನ ಹೊರಗೆ ನಿಂತು ಅತ್ತೆ. ಅವನು ಪೇಪರಿನಿಂದ ತಲೆಯನ್ನೂ ಎತ್ತಲಿಲ್ಲ. "ನಿಮ್ಮ ಕಡೆಯವ್ರಿಗೆ ಸ್ವಚ್ಛತೆ ಅಂದ್ರೆ ಗೊತ್ತಿಲ್ಲ. ಮೊದ್ಲು ಚೆನ್ನಾಗಿ ಕೈ ತೊಳ್ಕೊಳ್ಳೋದು ಕಲೀರಿ," ಎಂದ. ಎದ್ದು ಬಂದು ಚಿಲಕ ಹಾಕಿದ.

ಆಮೇಲೆ ನನ್ನ ಗಂಡ ಮಹದೇವು ಬೀದಿಯವರನ್ನೆಲ್ಲ ಸೇರಿಸಿಕೊಂಡು ಟ್ರ್ಯಾಕ್ಟರಿಗೆ ಅಡ್ಡ ಮಲಗಿ ಅದನ್ನು ನಿಲ್ಲಿಸಿದ. ಟ್ರ್ಯಾಕ್ಟರ್ ನಿಂತಿತು, ನನ್ನ ಹೊಟ್ಟೆಯ ಉರಿ ನಿಲ್ಲಲಿಲ್ಲ. ಬಿಂದುಮಾಧವನ ಆ ಮಾತನ್ನು ದಿನಾ ಒಲೆ ಮುಂದೆ ಕೂತು ನೆನೆಸಿಕೊಳ್ಳುತ್ತಿದ್ದೆ, ಎಲ್ಲಿ ಮರೆತುಬಿಡುತ್ತೇನೋ ಎಂದು.

ಈಗ ಚಾಪೆಯ ಮೇಲೆ ಕೂತವನು ಕಾಫಿ ಕುಡಿಯುತ್ತ ಅಸಲು ವಿಷಯಕ್ಕೆ ಬಂದ. "ಸಮಾವೇಶದಲ್ಲಿ ಒಂದು ಸಣ್ಣ ನಿರ್ಣಯ ಮಾಡ್ತೀವಿ. ಛತ್ರಗಳ ಹಸಿ ಕಸಕ್ಕೆಲ್ಲ ನಿಮ್ಮ ಹಳ್ಳದಲ್ಲಿ ಒಂದು ಗೊಬ್ಬರ ಘಟಕ. ನಾನು ಮಂಡಿಸ್ತೀನಿ, ನೀವು ಅನುಮೋದಿಸುತ್ತೇನೆ ಅಂದ್ಬಿಡಿ. ಸ್ಥಳೀಯರೇ ಒಪ್ಪಿದ್ದಾರೆ ಅಂದ್ರೆ ಮೇಲಿನವರು ಬೇಗ ಮಂಜೂರು ಮಾಡ್ತಾರೆ."

ನಲ್ಲಿ ಬಂದರೂ ಬೇಸಿಗೆಯಲ್ಲಿ ನಮಗೆ ಆ ಬಾವಿಯೇ ಗತಿ. ಒಂದು ಮಂಟಪದ ಎಂಜಲು ನನ್ನ ಮಗಳನ್ನು ತಿಂದಿತ್ತು. ಇನ್ನು ಊರಿನ ಛತ್ರಗಳ ಎಂಜಲೆಲ್ಲ ಬಂದರೆ ಬೀದಿಯಲ್ಲಿ ಯಾವ ಮಗು ಉಳಿದೀತು? ಅದೂ ನನ್ನ ಬಾಯಿಂದಲೇ ಒಪ್ಪಿಗೆ ಬೇಕು ಇವನಿಗೆ.

"ಆಗಲಿ ಸ್ವಾಮಿ, ಬತ್ತೀನಿ," ಎಂದೆ.

ಸಂಜೆ ವಿಷಯ ಕೇಳಿ ಮಹದೇವು ಸಿಟ್ಟಿನಿಂದ ಕುಣಿದಾಡಿದ. "ಆ ಬಡ್ಡೀಮಗನ ಪಕ್ಕ ಕೂತ್ಕೊಂಡು ಶಾಲು ಹೊದ್ಕತೀಯೇನೇ?"

"ಹೊದ್ಕತೀನಿ. ಸುಮ್ಕಿರು ನೀನು," ಎಂದೆ.

ಮಾರನೇ ದಿನ ಕೃಷ್ಣಮೂರ್ತಿಪುರಂಗೆ ಹೋಗಿ ಅವನ ಮನೆಯ ಬೀದಿಯಲ್ಲಿ ಅಡ್ಡಾಡಿ ಬಂದೆ. ಮನೆಗೆ ಅಂಟಿಕೊಂಡೇ ಅವನದೊಂದು ಖಾಲಿ ಸೈಟು ಇತ್ತು. ಸುತ್ತ ತಂತಿಬೇಲಿ, ಒಳಗೆ ಕನಕಾಂಬರದ ಗಿಡ. ಕಣ್ತುಂಬ ನೋಡಿಕೊಂಡು ಬಂದೆ.

ಭಾನುವಾರ ನಮ್ಮ ಬೀದಿಗೆ ಬಸ್ಸು ಬಂತು. ಕುರ್ಚಿ ತುಂಬಿಸಲು ನಮ್ಮ ಹೆಂಗಸರೇ ಬೇಕಲ್ಲ! ಮಂಟಪದಲ್ಲಿ ಬಿಂದುಮಾಧವ ತಾನೇ ಬಂದು ಅವರಿಗೆಲ್ಲ ಪಾಠ ಮಾಡಿದ. "ವಸಂತಮ್ಮನವರು ಅನುಮೋದಿಸುತ್ತೇನೆ ಅಂದ ತಕ್ಷಣ ಜೋರಾಗಿ ಚಪ್ಪಾಳೆ ತಟ್ಟಬೇಕು. ನಾನು ಕೈ ತೋರಿಸೋವರೆಗೂ ನಿಲ್ಲಿಸಬಾರದು. ಎಲ್ಲಿ, ಒಂದ್ಸಲ ತಟ್ಟಿ ನೋಡೋಣ." ಶಾಲೆ ಮಕ್ಕಳಿಗೆ ಹೇಳಿಕೊಟ್ಟ ಹಾಗೆ ಹೇಳಿಕೊಟ್ಟ.

ನಮ್ಮ ಪಕ್ಕದ ಮನೆಯ ದೇವಿರಮ್ಮ ನನ್ನ ಸೆರಗು ಹಿಡಿದು ಎಳೆದಳು. "ಇವ್ನಿಗ್ಯಾಕೆ ತಟ್ಬೇಕು ಕಣೇ? ನಿನ್ ಮಗೀನ ಮರ್ತ್‌ಬುಟ್ಯಾ?"

"ಅಕ್ಕಾ, ಅವ್ನು ಹೇಳ್ದಂಗೇ ತಟ್ಟು. ಕೈ ನೋಯೋಗಂಟ ತಟ್ಟು," ಎಂದೆ.

ಬೆಂಗಳೂರಿನಿಂದ ಬಂದಿದ್ದ ನಿವೃತ್ತ ನ್ಯಾಯಾಧೀಶರು ಅಧ್ಯಕ್ಷರು. ಸ್ವಾಗತ, ಪ್ರಾಸ್ತಾವಿಕ, ಗಿಡಕ್ಕೆ ನೀರು ಎಲ್ಲ ಆಯಿತು. ನನಗೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಫೋಟೋ ಹಿಡಿಸಿದರು. ಬಿಂದುಮಾಧವ ನಿರ್ಣಯ ಓದಿ ಮೈಕನ್ನು ನನ್ನ ಕೈಗಿತ್ತು ಹಲ್ಲು ಬಿಟ್ಟ.

ನಾನು ಮೈಕನ್ನು ಬಾಯಿ ಹತ್ತಿರ ಹಿಡಿದೆ. "ಇವರ ನಿರ್ಣಯ ಬೋ ಚೆಂದಾಗದೆ. ಒಂದೇ ಒಂದು ತಿದ್ದುಪಡಿ. ಕಸ ಹುಟ್ಟೋದು ಇಲ್ಲಿ, ಅಷ್ಟು ದೂರ ಯಾಕೆ ಹೊರಬೇಕು? ಇಲ್ಲೇ ಹತ್ತಿರ, ಬಿಂದುಮಾಧವರ ಮನೆ ಪಕ್ಕದಲ್ಲೇ ಅವರದೇ ಖಾಲಿ ಸೈಟದೆ. ಘಟಕ ಅಲ್ಲೇ ಆಗಲಿ ಅಂತ ಅನುಮೋದಿಸುತ್ತೇನೆ."

ಅಬ್ಬಬ್ಬಾ, ಅದೇನು ಚಪ್ಪಾಳೆ! ದೇವಿರಮ್ಮನಂತೂ ಎದ್ದು ನಿಂತು ತಟ್ಟಿದಳು. ಬಿಂದುಮಾಧವ ಸಾಕು ಸಾಕು ಎಂದು ಕೈ ಆಡಿಸಿದಷ್ಟೂ ಜೋರಾಯಿತು. ಪೇಪರಿನವರು ಬರೆದುಕೊಂಡರು. ನ್ಯಾಯಾಧೀಶರು ನಗುತ್ತ ಅವನ ಕಡೆ ತಿರುಗಿದರು. "ಸಾಮಾಜಿಕ ನ್ಯಾಯ ಅಂದ್ರೆ ಇದೇ ಅಲ್ವೇನ್ರೀ? ತಾವು ಹೂಂ ಅಂದ್ರೆ ಇವತ್ತೇ ಬರೆಸಿಬಿಡೋಣ."

ಅವನು ಮೈಕನ್ನು ಕಿತ್ತುಕೊಂಡ. "ಅಲ್ಲ ಸಾರ್, ಅದು ಜನ ವಾಸ ಮಾಡೋ ಜಾಗ! ನಾತ ಬರತ್ತೆ, ನೊಣ ಮುತ್ತತ್ತೆ. ಪಕ್ಕದಲ್ಲೇ ನಮ್ಮ ಬೋರ್‌ವೆಲ್ ಇದೆ, ಕೊಳಕೆಲ್ಲ ನೀರಿಗೆ ಇಳಿಯತ್ತೆ. ಮನೇಲಿ ಮೊಮ್ಮಗಳಿದ್ದಾಳೆ ಸಾರ್, ಚಿಕ್ಕ ಮಗು!"

ಯಾರೂ ಅವನ ಬಾಯಿಗೆ ಕೋಲು ಹಾಕಿರಲಿಲ್ಲ, ತಾನಾಗಿಯೇ ಕಕ್ಕಿದ್ದ. ಆ ಮಗುವಿನ ಮೇಲೆ ನನಗೆ ಸಿಟ್ಟಿಲ್ಲ, ನೂರು ಕಾಲ ಬಾಳಲಿ. ಆದರೆ ಅವನ ಮುಖ ಬಿಳಿಚಿದ್ದು ನೋಡಿ ನನ್ನ ಹೊಟ್ಟೆ ತಣ್ಣಗಾಯಿತು. ಸುಳ್ಳೇಕೆ ಹೇಳಲಿ!

"ನಮ್ಮ ಬಾವಿಗೂ ಇಳೀತು ಸ್ವಾಮಿ, ಇದೇ ಮಂಟಪದ ಎಂಜಲು. ನಂಗೂ ಒಂದು ಚಿಕ್ಕ ಮಗು ಇತ್ತು. ಪವಿತ್ರ ಅಂತ," ಎಂದೆ.

"ಯಾವ ಪವಿತ್ರ? ಯಾರಮ್ಮ ನೀವು?" ಎಂದ ಅವನು.

ಶಾಲನ್ನು ತೆಗೆದು ಅವನ ಹೆಗಲ ಮೇಲೆ ಹಾಕಿ ಇಳಿದು ಬಂದೆ. ಶಾಲಿನಲ್ಲಿ ಸುತ್ತಿ ಹೊಡೆಯುವುದು ದೊಡ್ಡವರಿಗೆ ಮಾತ್ರ ಬರುತ್ತದೆಯೇ? ಹಿಂದೆ ನ್ಯಾಯಾಧೀಶರ ಮಾತು ಕೇಳಿಸಿತು: "ಇಲ್ಲಿ ಬೇಡವಾದದ್ದು ಅಲ್ಲೂ ಬೇಡ. ಈ ನಿರ್ಣಯ ಕೈಬಿಡಲಾಗಿದೆ."

ಊಟಕ್ಕೆ ಕೂತೆವು. ಮಗಳು ಹೋದಾಗಿನಿಂದ ಗಂಟಲಲ್ಲಿ ಇಳಿಯದಿದ್ದ ಶಾವಿಗೆ ಪಾಯಸವನ್ನು ಅವತ್ತು ಎರಡನೇ ಸಲ ಹಾಕಿಸಿಕೊಂಡೆ. ಬಿಂದುಮಾಧವ ಮಾತ್ರ ಎಲೆಯಲ್ಲಿ ಬೆರಳಾಡಿಸಿ ಅರ್ಧಕ್ಕೇ ಎದ್ದ. ನಾನೂ ಎದ್ದು ಅವನಿಗಿಂತ ಮುಂಚೆ ಹೋದೆ. ಅವನು ಕೈ ತೊಳೆಯುವ ಕಡೆ ಬಂದಾಗ ಚೊಂಬಿನಲ್ಲಿ ನೀರು ಮೊಗೆದು ನಿಂತಿದ್ದೆ. ಅಭ್ಯಾಸಬಲದಿಂದ ಕೈ ಚಾಚಿದ.

ನಿಧಾನವಾಗಿ ನೀರು ಹಾಕಿದೆ. "ಚೆನ್ನಾಗಿ ತೊಳ್ಕೊಳ್ರಿ ಸ್ವಾಮಿ. ನಿಮ್ಮ ಕಡೆಯವ್ರಿಗೆ ಸ್ವಚ್ಛತೆ ಅಂದ್ರೆ ಗೊತ್ತಿಲ್ಲ."

ಚಾಚಿದ ಕೈ ಹಾಗೇ ನಿಂತಿತು. ತಲೆ ಎತ್ತಿ ಮೊದಲ ಸಲ ನನ್ನ ಮುಖ ನೋಡಿದ. ಆಗ ಅವನಿಗೆ ನನ್ನ ಗುರುತು ಸಿಕ್ಕಿತು.