ಒಂದಿಂಚು ಸಡಿಲ

ಇಲಾಸ್ಟಿಕ್ ಚೆನ್ನಾಗಿಲ್ಲ, ನಾಲ್ಕು ಸಲ ಎಳೆದರೆ ಪ್ರಾಣ ಬಿಡುವ ಜಾತಿ, ಎಂದು ಅವನ ಹೆಬ್ಬೆರಳು ಅವನನ್ನು ಕೇಳದೆಯೇ ತೀರ್ಮಾನ ಕೊಟ್ಟಿತು, ಔಷಧಿ ಅಂಗಡಿಯ ಹುಡುಗಿ ಗಾಜಿನ ಮೇಲೆ ಬಿಡಿಸಿಟ್ಟ ದೊಡ್ಡವರ ಡೈಪರನ್ನು ತೊಡೆಯ ಅಂಚಿನಲ್ಲಿ ಹಿಡಿದು ಎಳೆಯುತ್ತಾನೆ, ಬಿಡುತ್ತಾನೆ, ದರ್ಜಿಯ ಕೈಗೆ ಯಾವುದನ್ನೂ ಸುಮ್ಮನೆ ಮುಟ್ಟಿ ಗೊತ್ತಿಲ್ಲ, ಬಸ್ಸಿನಲ್ಲಿ ಪಕ್ಕದವನ ತೋಳು ತಾಗಿದರೂ ಒಳಹೊಲಿಗೆ ಹುಡುಕುತ್ತದೆ, ಒಂದು ದಿನ ಯಾರಾದರೂ ಕೆನ್ನೆಗೆ ಬಾರಿಸುತ್ತಾರೆ ನೋಡ್ತಿರಿ ಎಂದು ಹೆಂಡತಿ ಹೇಳುವುದಿದೆ — ಯಾರಿಗೆ ಸಾರ್, ಹಾಸಿಗೆ ಹಿಡಿದಿದಾರಾ, ಓಡಾಡ್ತಾರಾ, ಹುಡುಗಿ ಎರಡನೇ ಸಲ ಕೇಳುತ್ತಿರಬೇಕು, ಹಿಂದೆ ಕೆಮ್ಮಿನ ಔಷಧಿಗೆ ನಿಂತವನು ಕತ್ತು ಉದ್ದ ಮಾಡಿದ್ದಾನೆ, ಅಪ್ಪನಿಗಮ್ಮ, ಓಡಾಡ್ತಾರೆ, ಚೆನ್ನಾಗಿ ಓಡಾಡ್ತಾರೆ, ಆ ಚೆನ್ನಾಗಿ ಎನ್ನುವುದು ಬಾಯಿಗೆ ಯಾಕೆ ಬಂತೋ, ಗೋಡೆ ಹಿಡಿದು ಕಕ್ಕಸಿನ ತನಕ ಹೋಗುವುದು, ಹೋಗುವಷ್ಟರಲ್ಲಿ ಆಗಿಹೋಗಿರುವುದು, ಅದು ಓಡಾಟವಾದರೆ ಓಡಾಟ. ಹಾಗಾದ್ರೆ ಪಟ್ಟಿ ಅಂಟಿಸೋದು ಬೇಡ ಸಾರ್, ಅದು ಮಲಗಿರೋರಿಗೆ, ಚಡ್ಡಿ ಥರ ಹಾಕ್ಕೊಳ್ಳೋದಿದೆ, ಒಳಗಿಡೋ ಪ್ಯಾಡ್ ಇದೆ, ಕೊಳವೆ ಚೀಲ ಇದೆ, ಹಾಸಿಗೆ ಮೇಲೆ ಹಾಸೋದಿದೆ. ಎಲ್ಲ ಆಯಿತು ತಾಯಿ, ಒಂದೊಂದೂ ಆಯಿತು, ಪ್ಯಾಡು ನಡೆದರೆ ಮುದುರಿ ಜಾರಿ ಒಂದು ದಿನ ಪ್ಯಾಂಟಿನ ಕಾಲಿನಿಂದಲೇ ಕೆಳಗಿಳಿದು ಬಂತು, ಅಪ್ಪ ಅದನ್ನು ಸದ್ದಿಲ್ಲದೆ ಪಾದದಲ್ಲಿ ತಳ್ಳಿ ಮೇಜಿನ ಕೆಳಗಿನ ಚೂರುಬಟ್ಟೆಯ ರಾಶಿಗೆ ಸೇರಿಸಿದ್ದ, ಕೊಳವೆ ಚೀಲವನ್ನು ಹಾಕಿದ ಅರ್ಧ ಗಂಟೆಗೆ ಕಿತ್ತೊಗೆದಿದ್ದ, ನಾನೇನು ಹಾಲು ಕರೆಯೋ ಎಮ್ಮೆಯಾ, ಹಾಸಿಗೆಯ ಹಾಳೆ ಮಗ್ಗುಲು ಬದಲಿಸಿದಾಗೆಲ್ಲ ಸರಬರ ಎನ್ನುತ್ತದೆ, ಪೊಟ್ಟಣದಲ್ಲಿ ಕಟ್ಟಿಟ್ಟ ಹಾಗಿದೆ ಕಣೋ ಎನ್ನುತ್ತಿದ್ದ, ಅಂಟಿನ ಪಟ್ಟಿಯದಂತೂ ಬಿಚ್ಚುವಾಗ ಪರ್ರೆಂದು ಸದ್ದು, ಹೊಸ ಬಟ್ಟೆ ಹರಿದ ಸದ್ದು, ಅಪ್ಪ ಕಣ್ಣು ಮುಚ್ಚಿಕೊಳ್ಳುತ್ತಾನೆ.

ಊರಿಗೆಲ್ಲ ಹೊಲಿಯುವವನು ಅಪ್ಪನಿಗೊಂದು ಹೊಲಿಯಲಾರೆನೇ ಎಂದುಕೊಂಡು ಅದನ್ನೂ ಮಾಡಿ ನೋಡಿದ್ದ, ಒಂದು ಮಧ್ಯಾಹ್ನ ಅಂಗಡಿಯ ಪರದೆ ಎಳೆದು, ಮೆತ್ತನೆ ಹತ್ತಿ ಬಟ್ಟೆ, ನಡುವೆ ಟವೆಲ್ಲಿನ ಮಡಿಕೆ, ಹೊರಗೆ ಮಳೆ ಅಂಗಿಯ ಬಟ್ಟೆ, ಪಕ್ಕದಲ್ಲಿ ಗುಂಡಿ, ಹೊಲಿಗೆ ಮೈಗೆ ತಾಗದ ಹಾಗೆ ಹೊರಮುಖಕ್ಕೆ ತಿರುಗಿಸಿ, ಅಷ್ಟು ಮನಸ್ಸಿಟ್ಟು ಅವನು ತನ್ನ ಮದುವೆಯ ಕೋಟನ್ನೂ ಹೊಲಿದುಕೊಂಡಿರಲಿಲ್ಲ, ಅಪ್ಪ ಎದ್ದು ಬಂದು ಅದನ್ನು ಕೈಗೆತ್ತಿಕೊಂಡ, ಬೆಳಕಿಗೆ ಹಿಡಿದ, ಒಳಗೆ ಹೊರಗೆ ತಿರುಗಿಸಿದ, ಕೆಲಸ ಕಲಿಸುತ್ತಿದ್ದಾಗ ನೋಡುತ್ತಿದ್ದಂತೆಯೇ, ತುಟಿ ಮುಂದೆ ಮಾಡಿ, ಈಗ ಬಿತ್ತು ತಲೆಗೆ ಮೊಟಕು ಎಂದು ಈ ವಯಸ್ಸಿನಲ್ಲೂ ಅವನ ಕುತ್ತಿಗೆ ಒಳಕ್ಕೆ ಹೋಗಿತ್ತು, ಹೊಲಿಗೆ ಚೆನ್ನಾಗಿ ಬಂದಿದೆ ಕಣೋ, ಯಾವ ಗಿರಾಕಿದು. ಗಿರಾಕಿದೇ, ಎಂದ ಅವನು. ಅಷ್ಟೇ ಹೊರಟಿತು ಬಾಯಿಂದ. ಪಾಪ, ಅಂದ ಅಪ್ಪ, ಯಾರೋ ವಯಸ್ಸಾದೋರು, ಹೆಚ್ಚಿಗೆ ಇಸ್ಕೋಬೇಡ, ಎಂದು ಮಡಿಸಿ, ಅಂಚಿಗೆ ಅಂಚು ಕೂಡಿಸಿ, ತಯಾರಾದ ಬಟ್ಟೆಗಳ ಕಪಾಟಿನಲ್ಲಿ ಇಟ್ಟ, ಅದು ಅಲ್ಲೇ ಇದೆ, ಇವತ್ತಿಗೂ, ಎರಡು ಸೂಟುಗಳ ನಡುವೆ.

ಸೈಜ್ ಹೇಳಿ ಸಾರ್. ಲಾರ್ಜ್. ಸೊಂಟ ಎಷ್ಟಿದೆ. ಅಪ್ಪನ ಸೊಂಟ ಅವನಿಗೆ ಕೇಳಬೇಕೇ, ಟೇಪೇ ಬೇಡ, ಎರಡು ವರ್ಷದಲ್ಲಿ ಪ್ಯಾಂಟುಗಳ ಸೊಂಟವನ್ನು ಒಳಕ್ಕೆ ಹಿಡಿದು ಹಿಡಿದು ಹಿಂದಿನ ಎರಡು ಜೇಬು ಒಂದಕ್ಕೊಂದು ಮುತ್ತಿಡುತ್ತಿವೆ, ಹೇಳಿದ, ಹುಡುಗಿ ಪೊಟ್ಟಣವನ್ನು ತಿರುಗಿಸಿ ಬೆರಳಿಟ್ಟು ನೋಡಿದಳು, ಅದಕ್ಕೆ ಮೀಡಿಯಂ ಸಾಕಲ್ಲ ಸಾರ್, ಲಾರ್ಜ್ ಯಾಕೆ. ಸ್ವಲ್ಪ ಸಡಿಲ ಇರಲಿ ಅಂತಮ್ಮ. ಅಯ್ಯೋ, ಸಡಿಲ ಇದ್ರೆ ತೊಡೆ ಸಂದಿಯಿಂದ ಸೋರಿಹೋಗತ್ತೆ ಸಾರ್, ಮೈಗೆ ಕಚ್ಚಿ ಕೂತಿರಬೇಕು, ಇದು ಬಟ್ಟೆ ಅಲ್ಲ, ಇಷ್ಟು ದಿನ ಲಾರ್ಜೇ ಹಾಕ್ತಿದ್ರಾ. ಇಷ್ಟು ದಿನ. ಮೊದಲ ಪೊಟ್ಟಣದಿಂದ. ಒಂದಿಂಚು ಬಿಟ್ಟು ಕತ್ತರಿಸೋ, ಮೈಗೆ ಉಸಿರಾಡೋಕೆ ಜಾಗ ಬೇಡ್ವಾ, ಎಂದು ಅಪ್ಪ ಅವನ ಕಿವಿ ಹಿಂಡಿ ಹಿಂಡಿ ಕಲಿಸಿದ್ದು ಅದೊಂದೇ, ಎಲ್ಲರ ಮೈಗೂ ಒಂದಿಂಚು, ದಪ್ಪಗಿದ್ದವರಿಗೆ ಇನ್ನೂ ಅರ್ಧ, ಆ ಒಂದಿಂಚನ್ನೇ ಅವನು ಅಪ್ಪನಿಗೂ ಬಿಟ್ಟ, ಪ್ರೀತಿಯಿಂದ ಬಿಟ್ಟ, ಬಿಗಿಯಾದರೆ ಮುದುಕ ಒದ್ದಾಡುತ್ತಾನೆಂದು ಬಿಟ್ಟ — ಹಾಗಾದರೆ ಅವತ್ತು, ಶಾಲೆಯ ಹೆಡ್‌ಮೇಷ್ಟ್ರು ಕೋಟು ಹಾಕಿ ನೋಡಲು ಬಂದ ದಿನ, ಅಪ್ಪ ಎಂದಿನಂತೆ ಸ್ಟೂಲಿನ ಮೇಲೆ ಕೂತು ಆ ಕೋಟಿನದೇ ಗುಂಡಿ ಹಾಕುತ್ತಿದ್ದ, ನಿಮ್ಮಪ್ಪನ ಕೈಯೇ ಆಗಬೇಕಪ್ಪ ಗುಂಡಿಗೆ ಎಂದು ಹೆಡ್‌ಮೇಷ್ಟ್ರು ಹೊಗಳುತ್ತಿದ್ದರು, ಸ್ಟೂಲಿನಿಂದ ಹನಿ, ಆಮೇಲೆ ಹನಿಯಲ್ಲ, ಧಾರೆ, ತೊಡೆಯ ಮೇಲೆ ಹರಡಿದ್ದ ಕೋಟಿನ ಬೆನ್ನು ಪೂರ್ತಿ, ನೀರು ಚೆಲ್ಲಿತೇನೋ ಪರವಾಗಿಲ್ಲ ಬಿಡಿ, ಹೆಡ್‌ಮೇಷ್ಟ್ರು ಒಳ್ಳೆಯವರು, ಆ ಒಳ್ಳೆಯತನದಿಂದಲೇ ಅಪ್ಪ ನಾಚಿಕೆಯಲ್ಲಿ ಸತ್ತುಹೋದ, ಕೆಟ್ಟವರಾಗಿದ್ದು ಬೈದಿದ್ದರೆ ಬದುಕುತ್ತಿದ್ದನೇನೋ, ನೆಲ ಬಾಯಿ ಬಿಡಬಾರದೇ ಎನ್ನುವ ಮುಖ ಮಾಡಿಕೊಂಡು ಸೂಜಿಯನ್ನು ದಿಂಬಿಗೆ ಚುಚ್ಚಿಟ್ಟು ಒಳಗೆ ಹೋದ, ಅವತ್ತಿನಿಂದ ನೀರು ಬಿಟ್ಟ. ಕುಡಿದರೆ ತಾನೇ ಬರುವುದು. ಎಂಥ ಸರಳ ಲೆಕ್ಕ, ಯಾರಿಗೂ ಹೇಳದೆ ಮಾಡಿಕೊಂಡ ಲೆಕ್ಕ, ಜ್ವರ ಏರಿ ಗೋಡೆಯ ಜೊತೆ ಮಾತಾಡತೊಡಗಿದ ಮೇಲೆಯೇ ಮನೆಗೆ ತಿಳಿದದ್ದು, ಡಾಕ್ಟರಮ್ಮ ಹನಿ ಹನಿ ಗ್ಲೂಕೋಸ್ ಏರಿಸಿ, ನೀರು ಕುಡಿಸಿ, ಇನ್ನೊಂದು ಸಲ ಹೀಗಾದ್ರೆ ಕಿಡ್ನಿ ಕೈ ಕೊಡತ್ತೆ, ಈ ವಯಸ್ಸಲ್ಲಿ ಆಮೇಲೆ ನನ್ನ ಹತ್ರ ಏನೂ ಇರಲ್ಲ, ಎಂದರು, ಮನೆಗೆ ಬಂದು ಅಪ್ಪನ ಮುಂದೆ ಲೋಟ ಹಿಡಿದರೆ ಆಮೇಲೆ ಕುಡೀತೀನಿ, ಈಗ ತಾನೇ ಕುಡಿದೆ, ನಿನ್ನ ಹೆಂಡತಿ ಕೊಟ್ಟಳಲ್ಲ, ಅವಳು ಅಡುಗೆಮನೆಯಿಂದ ನಾನೆಲ್ಲಿ ಕೊಟ್ಟೆ ಮಾವ ಎನ್ನುವಳು. ಸೋರಿದ್ದು ಅಪ್ಪನಲ್ಲ ಹಾಗಾದರೆ, ತಾನು ಬಿಟ್ಟ ಒಂದಿಂಚು. ದೀಪದ ಬುಡದಲ್ಲೇ ಕತ್ತಲು ಎನ್ನುವುದು ಇದಕ್ಕೇ ಇರಬೇಕು, ಸಾರ್ ಮೀಡಿಯಂ ಹಾಕ್ಲಾ, ಹಾಕಮ್ಮ, ಚಡ್ಡಿ ಥರದ್ದು, ಹಾಕು, ಹೊರಗೆ ಗೊತ್ತಾಗದ ಹಾಗೆ ಕಾಗದ ಸುತ್ತಿ ಕೊಡು.

ದಾರಿಯುದ್ದಕ್ಕೂ ಪೊಟ್ಟಣ ಮೊಣಕಾಲಿಗೆ ಬಡಿಯುತ್ತದೆ, ಹಗುರ, ಅವನು ಬೇಗ ಬೇಗ ನಡೆಯುತ್ತಿದ್ದಾನೆ, ಒಂದು ಬಗೆಯ ಖುಷಿ, ನಾಚಿಕೆಗೆಟ್ಟ ಖುಷಿ, ತಪ್ಪು ಸಿಕ್ಕಿತಲ್ಲ, ತಪ್ಪು ಸಿಕ್ಕಿದರೆ ಬಿಚ್ಚಿ ಹೊಲಿಯಬಹುದು, ದರ್ಜಿಗೆ ಅದಕ್ಕಿಂತ ಏನು ಬೇಕು. ಮನೆ ಅಂಗಡಿಯ ಹಿಂದೆಯೇ, ನಡುವೆ ಪರದೆ, ಅಪ್ಪ ಒಳಕೋಣೆಯ ಮಂಚದ ತುದಿಯಲ್ಲಿದ್ದ, ನಿಲ್ಲಿಸಿ ಹಾಕಿದ, ಒಂದು ಕಾಲು, ಅಪ್ಪಾ ನನ್ನ ಹೆಗಲು ಹಿಡ್ಕೋ, ಇನ್ನೊಂದು ಕಾಲು, ತೊಡೆಯ ಸುತ್ತ ಬೆರಳಾಡಿಸಿ ನೋಡಿದ, ಎಲ್ಲೂ ಸಂದಿಲ್ಲ, ಅಪ್ಪ ಎರಡೂ ಕೈ ಮೇಲೆತ್ತಿ ಗೋಡೆ ನೋಡುತ್ತ ನಿಂತಿದ್ದ, ಅಳತೆ ಕೊಡುವವನ ಹಾಗೆ, ಬಿಗಿ ಅಂದ, ಬಿಗಿನೇ ಇರಬೇಕಂತೆ ಅಪ್ಪಾ, ನಂದೇ ತಪ್ಪು, ನಾನೇ ದೊಡ್ಡದು ತರ್ತಿದ್ದೆ, ನಿಂದೇನೂ ಇರಲಿಲ್ಲ, ಇನ್ನು ಸೋರಲ್ಲ, ಧೈರ್ಯವಾಗಿ ನೀರು ಕುಡಿ. ಅಪ್ಪ ಅವನ ಮುಖವನ್ನೇ ನೋಡಿ ಹೂಂ ಎಂದ, ಆ ಹೂಂ ಸಾಕಾಗಿತ್ತು ಅವನಿಗೆ, ಹಾಗಾದ್ರೆ ಅಂಗಡಿಗೆ ಬರಲಾ ಎಂದ ಅಪ್ಪ, ಬಾ, ಕೈ ಹಿಡಿದು ಕರೆತಂದು ಸ್ಟೂಲಿನ ಮೇಲೆ ಕೂರಿಸಿದ, ಹೆಂಡತಿ ದೊಡ್ಡ ಚೊಂಬು ತುಂಬ ನೀರು, ಪಕ್ಕದಲ್ಲಿ ಲೋಟ ಇಟ್ಟು ಹೋದಳು, ಮಧ್ಯಾಹ್ನವಿಡೀ ಗಿರಾಕಿಗಳು, ಚಾಕಿನ ಗೀಟು, ಕತ್ತರಿ, ತೋಳು ಗಿಡ್ಡ ಆಯ್ತು ಎನ್ನುವವನೊಬ್ಬ, ಹೋದ ವರ್ಷ ಉದ್ದ ಆಯ್ತು ಎಂದವನೂ ಅವನೇ, ನಡುನಡುವೆ ತಿರುಗಿ ನೋಡುತ್ತಾನೆ, ಚೊಂಬಿನಿಂದ ಲೋಟಕ್ಕೆ ಬಗ್ಗಿಸುವ ಸದ್ದು ಕೇಳುತ್ತದೆ, ಒಂದು ಸಲ, ಇನ್ನೊಂದು ಸಲ, ಯಾವ ಹಾಡೂ ಇಷ್ಟು ಇಂಪಾಗಿರಲಿಲ್ಲ.

ಸಂಜೆ ಬೀದಿಯ ಬೆಳಕು ಮೇಜಿನ ಮೇಲೆ ಅಡ್ಡ ಬಿದ್ದಾಗ ಪರದೆ ಎಳೆದು, ಅಪ್ಪಾ ಒಂದು ನಿಮಿಷ ಎದ್ದೇಳು, ಕೈ ಒಳಗೆ ಹಾಕಿ ನೋಡಿದ, ಒಣಗಿದೆ, ಸ್ಟೂಲು ಒಣಗಿದೆ, ಪ್ಯಾಂಟು ಒಣಗಿದೆ, ಪೊಟ್ಟಣದಿಂದ ಈಗ ತೆಗೆದಷ್ಟು ಗರಿಗರಿ, ನೋಡಿದ್ಯಾ, ಒಂದು ಹನಿ ಇಲ್ಲ, ಅಪ್ಪನ ಮುಖ ಅರಳಿತ್ತು, ಪರೀಕ್ಷೆ ಪಾಸಾದವರ ಮುಖ, ಚೊಂಬೂ ಬರಿದು, ಅವನು ನಗುತ್ತಿದ್ದ, ನಗುತ್ತಲೇ ಅಪ್ಪನ ಸ್ಟೂಲಿನ ಪಕ್ಕದ ಇಸ್ತ್ರಿ ಮೇಜಿನ ಕಡೆ ತಿರುಗಿದ, ಪ್ಯಾಂಟಿಗೆ ಗೆರೆ ಹೊಡೆಯುವುದಿತ್ತು, ನೀರು ಚಿಮುಕಿಸಲು ಬಟ್ಟಲಿಗೆ ಕೈ ಅದ್ದಿದ, ಬೆಳಿಗ್ಗೆ ತಳ ಕಂಡಿದ್ದ ಬಟ್ಟಲು ಅಂಚಿನ ತನಕ ತುಂಬಿ ಮೇಜಿನ ಮೇಲೆ ತುಳುಕಿತು. ಲೋಟಕ್ಕೆ ಬಗ್ಗಿಸಿದ್ದೆಲ್ಲ ಇಲ್ಲಿದೆ. ಬೆರಳಿನಿಂದ ನೀರು ಇಳಿಯುತ್ತಿದೆ, ಬೈಯಬೇಕು, ಅಳಬೇಕು, ಬಾಯಿ ಹಿಡಿದು ಗಂಟಲಿಗೆ ಸುರಿಯಬೇಕು, ಕೂಸಿಗೆ ಸುರಿದ ಹಾಗೆ, ಯಾವುದೂ ಆಗುತ್ತಿಲ್ಲ, ಇನ್ನು ಯಾವ ಅಂಗಡಿಗೆ ಹೋಗಬೇಕು, ಏನೆಂದು ಕೇಳಬೇಕು, ಹುಡುಗಿ ಯಾರಿಗೆ ಸಾರ್ ಎನ್ನುತ್ತಾಳೆ, ತಿರುಗಿದರೆ ಅಪ್ಪ ಮತ್ತೆ ಸ್ಟೂಲಿನ ಮೇಲೆ ಕೂತು ಹೊಸ ಕೋಟೊಂದನ್ನು ತೊಡೆಗೆ ಎಳೆದುಕೊಂಡು ಗುಂಡಿಯ ಸೂಜಿಗೆ ದಾರ ಪೋಣಿಸುತ್ತಿದ್ದಾನೆ, ದಾರದ ತುದಿಯನ್ನು ತುಟಿಗೆ ಕೊಂಡೊಯ್ದ, ಒದ್ದೆ ಮಾಡಲು, ತೆಗೆದ, ತುದಿ ಎಳೆ ಎಳೆಯಾಗಿ ಬಿಚ್ಚಿಕೊಂಡೇ ಇದೆ, ಮತ್ತೆ ತುಟಿಗೆ, ಬಿರಿದ ತುಟಿ, ಒಳಗೆ ಬಿಳಿ ನಾಲಿಗೆ ಬಂದು ತಾಗಿತು, ಅಂಟಿತು, ಬಿಡಿಸಿಕೊಂಡಿತು, ದಾರ ಸೂಜಿಯ ಕಣ್ಣಿಗೆ ಹೋಗಲಿಲ್ಲ, ಕೊಡಪ್ಪಾ ನಾನು ಪೋಣಿಸ್ತೀನಿ ಎಂದರೆ ಕೈ ಆಚೆ ಎಳೆದುಕೊಂಡ, ದಾರ ಸರಿ ಇಲ್ಲ ಕಣೋ, ಮೊದಲಿನ ಹಾಗೆ ಬರ್ತಿಲ್ಲ ಈಗ, ಎನ್ನುತ್ತ ಅದನ್ನು ಮತ್ತೆ ತುಟಿಗೆ, ತೆಗೆದ, ಒಣ ದಾರ, ಮತ್ತೆ ತುಟಿಗೆ